ಷರಾ

ಪೀಟರ್ಸ್‌ಬರ್ಗಿನ ಈ ಗೋದಾಮಿನ ತುಂಬ
ಮುಂಚೆ ಹೊಗೆಸೊಪ್ಪು ತೂಗುಬಿದ್ದಿತ್ತು.
ಈಗ ಅಂಗಿ ಕೊಟ್ಟರೂ ಕಂಕುಳಲ್ಲಿ ಅದೇ ವಾಸನೆ.
ತೊಟ್ಟವರು ತೋಳು ಮೂಸುತ್ತ ಹೋಗುತ್ತಾರೆ,
ಸೇದಲು ಚೂರೂ ಇಲ್ಲದವರು.

ನಾನು ಎನಕ್ ಲ್ಯಾಸಿಟರ್, ಉಗ್ರಾಣದ ಗುಮಾಸ್ತ.
ಎಡಗೈಯ ಎರಡು ಬೆರಳು ಮಾಲ್ವರ್ನ್ ಗುಡ್ಡದಲ್ಲಿ ಬಿಟ್ಟು ಬಂದೆ;
ಉಳಿದ ಮೂರು, ಕಾಗದ ಒತ್ತಿ ಹಿಡಿಯಲು ಸಾಕು.
ಗೀಟು ಹೊಡೆದ ಪುಸ್ತಕ:
ಹೆಸರು, ಸಾಮಾನು, ಎಷ್ಟು, ಷರಾ.

ಜಾಕೆಟು ಒಂದು. ಹಾಸು ಹತ್ತಿ, ಹೊಕ್ಕು ಉಣ್ಣೆ.
ಬೂದು ಅಂತ ಬರೆಯುತ್ತೇನೆ;
ನಾಲ್ಕು ಬಿಸಿಲು ಕಂಡರೆ ಕೆಸರಿನ ಬಣ್ಣ.
ಮೊಣಕೈಯಲ್ಲಿ ಮೊದಲು ಸವೆಯುವುದು ಉಣ್ಣೆ.
ಆಮೇಲೆ ಬರೀ ಹಾಸು ಕಾಣುತ್ತದೆ, ಬೆಳ್ಳಗೆ,
ಯಾರೋ ದಿನವಿಡೀ ಬಗ್ಗಿ ಬಿಡಿಸಿದ ಹತ್ತಿ.

ನೀರಿನ ಡಬ್ಬಿ ಮರದ್ದು. ಸೀಡರ್ ಹಲಗೆ, ಕಬ್ಬಿಣದ ಬಳೆ.
ಒಣಗಿದರೆ ಸೋರುತ್ತೆ, ತುಂಬಿಯೇ ಇಟ್ಟಿರಿ ಅಂದರೆ
ಬಾವಿಯನ್ನೂ ಕೊಡಿ ಅನ್ನುತ್ತಾರೆ.
ಮದ್ದಿನ ಪೆಟ್ಟಿಗೆಗೆ ತೊಗಲು ತೀರಿತು;
ಅಗಸೆ ಎಣ್ಣೆ ಬಳಿದ ದಪ್ಪ ಬಟ್ಟೆ.
ಕಂಬಳಿಯೂ ಇಲ್ಲ. ಯಾರದೋ ನಡುಮನೆಯ ಜಮಖಾನೆ
ಆರು ತುಂಡು ಮಾಡಿ ಹಂಚಿದೆ.
ಗುಲಾಬಿ ಬಳ್ಳಿ ಹೊದ್ದು ಮಲಗಿದ್ದಾರೆ ಕಂದಕದಲ್ಲಿ.

ಬಾಣಲೆ, ಆರು ಜನಕ್ಕೆ ಒಂದು.
ಬಂದೂಕಿನ ನಳಿಗೆಗೆ ಹಿಡಿ ಸಿಕ್ಕಿಸಿ
ಸರದಿಯ ಮೇಲೆ ಹೊರುತ್ತಾರೆ.
ಮೊನ್ನೆ ಒಬ್ಬ ವಾಪಸು ತಂದ, ಏಬ್ನರ್ ಟ್ಯಾಕೆಟ್, ಹದಿನೇಳಿರಬೇಕು.
‘ತಳ ಗಟ್ಟಿಯಿದೆ. ನಾನೊಬ್ಬನಿಗೆ ದೊಡ್ಡದಾಯಿತು’ ಅಂದ.
ಅಂಚಿನಲ್ಲಿ ಮುಸುಕಿನ ಜೋಳದ ಕರಕಲು;
ಉಗುರಿನಲ್ಲಿ ಕೆರೆದು ತಿಂದ, ನನ್ನೆದುರೇ.
ಷರಾ: ವಾಪಸು ಬಂತು.

ಅಂಗಿ ಕೊಟ್ಟೆ. ಓಸ್ನಬರ್ಗ್, ಒರಟು, ನಾರು ಚುಚ್ಚುತ್ತದೆ.
ಬೆಳಕಿಗೆ ಹಿಡಿದ.
‘ಇದು ನಮ್ಮಪ್ಪ ಹೊಲದ ಆಳುಗಳಿಗೆ ಕೊಡುತ್ತಿದ್ದದ್ದು.
ವರ್ಷಕ್ಕೆ ಎರಡು.’
ಬೇಡ ಅನ್ನಲಿಲ್ಲ, ಚಳಿಯಿತ್ತು.
ಗುಂಡಿ ಹಾಕಿಕೊಳ್ಳುವಾಗ ಮಾತ್ರ
ಗೋಡೆಯ ಕಡೆ ತಿರುಗಿದ.

ನಾನು ಸುಮ್ಮನಿದ್ದೆ.
ಸೈನ್ಯ ಸೇರುವ ಮುಂಚೆ ನಾನೂ ಇದೇ ಪುಸ್ತಕ ಬರೆದವನು,
ಬ್ರನ್ಸ್‌ವಿಕ್ ಕೌಂಟಿಯ ಯಜಮಾನರೊಬ್ಬರ ಮನೆಯಲ್ಲಿ.
ಅದೇ ಅಂಗಡಿಯ ಕಾಗದ, ಅದೇ ಕೆಂಪು ಗೀಟು.
ಅಂಗಿ ಎರಡು. ಕಂಬಳಿ ಮೂರು ವರ್ಷಕ್ಕೊಂದು.
ಕೊನೆಯ ಪುಟಗಳಲ್ಲಿ
ಹೆಸರಿನ ಮುಂದೆ ವಯಸ್ಸು, ವಯಸ್ಸಿನ ಮುಂದೆ ಬೆಲೆ.
ನನ್ನ ಅಕ್ಷರ ದುಂಡಗಿದೆಯೆಂದು ಹೊಗಳುತ್ತಿದ್ದರು.

ಬೂಟು ಬೇಕಾದರೆ ಅವರು ಅಳತೆಯ ಕಡ್ಡಿ ತರಬೇಕು,
ಹಿಮ್ಮಡಿಯಿಂದ ಹೆಬ್ಬೆರಳ ತನಕ ಮುರಿದದ್ದು.
ಟೇಮರ್ ತಂದದ್ದು ಹಿಕರಿ ಮರದ್ದು, ತುದಿಯಲ್ಲಿ ಮೂರು ಗೀರು.
ಉದ್ದವಾಯಿತಲ್ಲ, ಅಂದೆ.
‘ನಡೆದರೆ ಕಾಲು ಊದುತ್ತೆ, ಸ್ವಾಮಿ.’
ಬರೆದುಕೊಂಡೆ.
ಹೊಲದಿಂದ ಗುಡಿಸಿಲಿಗೆ ಎಷ್ಟು ದೂರ ಎಂದು ಕೇಳಲಿಲ್ಲ.
ಬೂಟು ಕೈಗೆ ಬಂದ ವಾರದೊಳಗೆ
ಅವಳಿರಲಿಲ್ಲ; ಪೂರ್ವಕ್ಕೆ,
ನೀಲಿ ಕೋಟಿನವರ ಕೋಟೆಯ ಕಡೆ ಹೋದಳೆಂದರು.
ನಾಯಿಗಳು ನದಿಯ ತನಕ ಹೋಗಿ ಬಂದವು.
ಯಜಮಾನರು ಬೆಲೆಯ ಪುಟ ತಾವೇ ತಿದ್ದಿದರು.
ನನ್ನ ಪುಟದ ಷರಾ:
ಬೂಟು ಒಂದು ಜೊತೆ, ನಷ್ಟ.

ಇವತ್ತು ಬರಿಗಾಲಿನ ಕಂಪನಿಯೊಂದು
ಕಡ್ಡಿಗಳ ಕಟ್ಟು ಕಳಿಸಿದೆ. ನಲವತ್ತೊಂದು, ದಾರ ಸುತ್ತಿ.
ಬೂಟು ಇಲ್ಲ, ಬರುವುದೂ ಇಲ್ಲ.
ಒಲೆ ಆರುತ್ತ ಬಂತು, ಒಂದೊಂದೇ ಹಾಕುತ್ತಿದ್ದೇನೆ.
ಹಿಕರಿಯದು ಈಗಲೂ ನನ್ನ ಜೇಬಿನಲ್ಲಿದೆ.
ಉರಿಸುವ ಮೊದಲು ಅವುಗಳ ಪಕ್ಕ ಇಟ್ಟು ನೋಡಿದೆ:
ಎಲ್ಲಕ್ಕಿಂತ ಎರಡು ಬೆರಳು ಉದ್ದ.
ಬಲಗೈಯಲ್ಲಿ ಅಳೆದೆ.